ಉಮೇದುವಾರರ ನಾಡಿ

ಮಹಾಭಾರತದ ಉದ್ಯೋಗಪರ್ವದಲ್ಲಿ ಒಂದು ಸಣ್ಣ ಕಥೆ ಬರುತ್ತದೆ. ಸಂಧಿ ವಿಗ್ರಹಗಳ ಗದ್ದಲದ ನಡುವೆ ಅದನ್ನು ಹೆಚ್ಚು ಮಂದಿ ಗಮನಿಸುವುದಿಲ್ಲ. ಕುರುವಂಶದ ಪ್ರತೀಪರಾಜನಿಗೆ ದೇವಾಪಿ, ಬಾಹ್ಲೀಕ, ಶಂತನು ಎಂದು ಮೂವರು ಮಕ್ಕಳು. ಹಿರಿಯನಾದ ದೇವಾಪಿ ಧರ್ಮಿಷ್ಠ, ಸತ್ಯವಂತ, ತಂದೆಯ ಸೇವೆಯಲ್ಲಿ ನಿರತನಾದವನು. ಪುರಜನರಿಗೂ ನಾಡವರಿಗೂ ಬೇಕಾದವನು. ಆದರೆ ಅವನಿಗೆ ಚರ್ಮರೋಗವಿತ್ತು. ಮುಪ್ಪಾದ ಪ್ರತೀಪ ಮಗನ ಅಭಿಷೇಕಕ್ಕೆ ಸಾಮಗ್ರಿಯನ್ನೆಲ್ಲ ಒದಗಿಸಿಕೊಂಡ ಮೇಲೆ ಬ್ರಾಹ್ಮಣರೂ ವೃದ್ಧರೂ ಪ್ರಜೆಗಳೂ ಕೂಡಿ ಬಂದು ಅದನ್ನು ತಡೆದರು. ಊನಾಂಗನಾದ ಅರಸನನ್ನು ದೇವತೆಗಳು ಒಪ್ಪುವುದಿಲ್ಲವೆಂಬುದು ಅವರು ಕೊಟ್ಟ ಕಾರಣ. ಮುದುಕ ಅರಸ ಕಣ್ಣೀರು ಸುರಿಸಿದ. ದೇವಾಪಿ ಕಾಡಿಗೆ ಹೋದ. ಕೊನೆಗೆ ಪಟ್ಟ ಬಂದದ್ದು ಕಿರಿಯವನಾದ ಶಂತನುವಿಗೆ. ಈ ಕಥೆಯನ್ನು ದುರ್ಯೋಧನನಿಗೆ ಹೇಳುವವನು ಯಾರೆಂದರೆ, ಕುರುಡನೆಂಬ ಕಾರಣದಿಂದಲೇ ಹಿರಿತನದ ಹಕ್ಕನ್ನು ಕಳೆದುಕೊಂಡ ಧೃತರಾಷ್ಟ್ರ.

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ಅವನ ಚರ್ಮಕ್ಕೂ ರಾಜ್ಯಭಾರಕ್ಕೂ ಏನು ಸಂಬಂಧ?” ಎಂದು ಕೇಳಿದಳು. ತಕ್ಕ ಉತ್ತರ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆದದ್ದು ನನ್ನ ಪುಣ್ಯ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಯಲ್ಲಿಯೇ ಬಂತು. ಯೋಚಿಸಿದಷ್ಟೂ ಅದಕ್ಕೆ ಇನ್ನೊಂದು ಮಗ್ಗುಲು ಇರುವುದು ಕಂಡಿತು. ದೇವಾಪಿಯ ರೋಗ ಮೈಮೇಲೆ ಇತ್ತು. ಪ್ರಜೆಗಳು ಕಂಡರು, ಬೇಡವೆಂದರು. ಅವರ ತೀರ್ಪು ಸರಿಯೋ ತಪ್ಪೋ, ವಿಷಯವಂತೂ ಬಯಲಲ್ಲಿ ಇತ್ತು. ರೋಗ ಕಣ್ಣಿಗೆ ಬೀಳದ ಕಡೆ ಇದ್ದಿದ್ದರೆ? ತೊಗಲಿನ ಬದಲು ಎದೆಯಲ್ಲಿ ಇದ್ದಿದ್ದರೆ? ಆಗ ಅದನ್ನು ಯಾರು ಹೇಳಬೇಕು, ಯಾರಿಗೆ ಹೇಳಬೇಕು?

ಪಟ್ಟಾಭಿಷೇಕಗಳ ಕಾಲ ಹೋಗಿ ಮತಪೆಟ್ಟಿಗೆಯ ಕಾಲ ಬಂದಮೇಲೂ ಈ ಪ್ರಶ್ನೆ ತೀರಲಿಲ್ಲ. ಅದು ಅತ್ಯಂತ ತೀವ್ರವಾಗಿ ಎದ್ದು, ಅಷ್ಟೇ ಜಾಣತನದಿಂದ ಮುಚ್ಚಿಹೋದದ್ದು ಅಮೆರಿಕದಲ್ಲಿ, 1944ನೆಯ ಇಸವಿಯಲ್ಲಿ. ವಿಚಿತ್ರವೆಂದರೆ ಅಲ್ಲಿಯ ಕಥಾನಾಯಕನಲ್ಲಿ ದೇವಾಪಿಯ ಊನವೂ ಇತ್ತು, ನಾನು ಹೇಳಿದ ಇನ್ನೊಂದು ಬಗೆಯ ರೋಗವೂ ಇತ್ತು. ಒಂದು ಕಾಲಿನಲ್ಲಿ, ಇನ್ನೊಂದು ಹೃದಯದಲ್ಲಿ.

ಫ್ರಾಂಕ್ಲಿನ್ ರೂಸ್‌ವೆಲ್ಟರಿಗೆ ಪೋಲಿಯೋ ಬಡಿದದ್ದು 1921ರ ಆಗಸ್ಟಿನಲ್ಲಿ. ಆಗ ಅವರಿಗೆ 39 ವರ್ಷ. ಅದಕ್ಕೆ ಹಿಂದಿನ ವರ್ಷವಷ್ಟೇ ಉಪಾಧ್ಯಕ್ಷ ಪದವಿಗೆ ನಿಂತು ಸೋತಿದ್ದವರು, ಎತ್ತರವಾದ ಮೈಕಟ್ಟಿನ ಚೆಲುವ. ಕ್ಯಾಂಪೊಬೆಲ್ಲೊ ಎಂಬ ದ್ವೀಪದಲ್ಲಿ ಬೇಸಗೆಯ ಬಿಡುವಿಗೆಂದು ಹೋದವರು ಮಲಗಿದರು. ಎದ್ದಾಗ ಸೊಂಟದ ಕೆಳಗೆ ಬಲವಿರಲಿಲ್ಲ. ಅಂದಿನಿಂದ ಕೊನೆಯವರೆಗೂ ಅವರು ನಿಲ್ಲಬೇಕಾದರೆ ಕಾಲುಗಳಿಗೆ ಉಕ್ಕಿನ ಪಟ್ಟಿ ಬಿಗಿಯಬೇಕು, ನಡೆಯಬೇಕಾದರೆ ಒಂದು ಕೈಗೆ ಊರುಗೋಲು, ಇನ್ನೊಂದಕ್ಕೆ ಮಗನ ತೋಳು. ಹೀಗಿದ್ದವರು 1928ರಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಪದವಿಗೆ ನಿಂತಾಗ ಎದುರಾಳಿಗಳು ಸುಮ್ಮನಿರುತ್ತಾರೆಯೇ? ಅವರ ಪಕ್ಷದ ಹಿರಿಯ ಆಲ್ ಸ್ಮಿತ್, ಗವರ್ನರನಾದವನು ದೊಂಬರಾಟವೇನೂ ಆಡಬೇಕಾಗಿಲ್ಲವಲ್ಲ ಎಂಬ ಅರ್ಥದ ಮಾತಿನಿಂದ ಅವರ ಬಾಯಿ ಮುಚ್ಚಿಸಿದರು.

ಅಧ್ಯಕ್ಷ ಪದವಿಯ ಮಾತು ಬಂದಾಗ ಇಷ್ಟು ಸಾಲಲಿಲ್ಲ. 1931ರಲ್ಲಿ ಅರ್ಲ್ ಲೂಕರ್ ಎಂಬ ಪತ್ರಕರ್ತ ರೂಸ್‌ವೆಲ್ಟರಿಗೆ ಬಹಿರಂಗವಾಗಿ ಒಂದು ಸವಾಲು ಹಾಕಿದ: ಆ ಪದವಿಯ ಭಾರ ಹೊರಲು ನಿಮ್ಮ ದೇಹಕ್ಕೆ ಶಕ್ತಿಯುಂಟೆ? ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವಿರಾ? ರೂಸ್‌ವೆಲ್ಟರು ಒಪ್ಪಿದರು. ಮೂವರು ತಜ್ಞರು ಪರೀಕ್ಷಿಸಿ ಯೋಗ್ಯರೆಂದು ಬರೆದುಕೊಟ್ಟರು. ಲೂಕರ್ ಅದನ್ನೆಲ್ಲ ‘ಲಿಬರ್ಟಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಈ ಸವಾಲು ಇಬ್ಬರೂ ಮೊದಲೇ ಮಾತಾಡಿಕೊಂಡು ಹೂಡಿದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಇರಬಹುದು, ರಾಜಕಾರಣಿಗಳು ಸನ್ಯಾಸಿಗಳಲ್ಲ. ಕಾಲಿನ ವಿಷಯದಲ್ಲಿ ಕೂಡ ಜನಕ್ಕೆ ಪೂರ್ತಿ ನಿಜ ಗೊತ್ತಿತ್ತೆಂದು ಹೇಳುವಂತಿಲ್ಲ. ಅವರನ್ನು ಎತ್ತಿಕೊಂಡು ಇಳಿಸುವ, ಗಾಲಿಕುರ್ಚಿಯಲ್ಲಿ ಕೂಡಿಸುವ ದೃಶ್ಯಗಳ ಚಿತ್ರ ತೆಗೆಯದಂತೆ ಕಾವಲಿನವರು ನೋಡಿಕೊಳ್ಳುತ್ತಿದ್ದರು. ಪತ್ರಿಕೆಗಳವರೂ ಬಹುಮಟ್ಟಿಗೆ ಒಪ್ಪಿ ನಡೆದರು. ಆದರೂ ತಮ್ಮ ಅಧ್ಯಕ್ಷ ಪೋಲಿಯೋ ಬಡಿದವನೆಂಬುದು ಅಮೆರಿಕದ ರೈತನಿಗೂ ತಿಳಿದಿತ್ತು. ತಿಳಿದೇ 1932ರಲ್ಲಿ ಆರಿಸಿದರು, 1936ರಲ್ಲಿ ಆರಿಸಿದರು, ಹಿಂದೆ ಯಾರಿಗೂ ಕೊಡದಿದ್ದ ಮೂರನೆಯ ಅವಧಿಯನ್ನು 1940ರಲ್ಲಿ ಕೊಟ್ಟರು. ಹಸ್ತಿನಾವತಿಯ ಪ್ರಜೆಗಳು ದೇವಾಪಿಗೆ ನಿರಾಕರಿಸಿದ್ದನ್ನು ಈ ಪ್ರಜೆಗಳು ತಮ್ಮ ಕುಂಟ ನಾಯಕನಿಗೆ ಸಂತೋಷದಿಂದ ಕೊಟ್ಟರೆನ್ನಬೇಕು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಇನ್ನು ಎದೆಯ ವಿಷಯ.

1944ರ ಮೊದಲ ತಿಂಗಳುಗಳಲ್ಲಿ ಅಧ್ಯಕ್ಷರಿಗೆ ಕೆಮ್ಮು, ಜ್ವರ, ಆಯಾಸ ಬಿಡದೆ ಕಾಡುತ್ತಿದ್ದುವು. ಓದುತ್ತ ಓದುತ್ತ ತೂಕಡಿಸುವರು; ರುಜು ಹಾಕುವಾಗ ಕೈ ನಡುಗುವುದು. ಮಗಳು ಅನ್ನಾ ಹೆದರಿ, ಆಪ್ತ ವೈದ್ಯರಾದ ಅಡ್ಮಿರಲ್ ರಾಸ್ ಮ್ಯಾಕ್‌ಇಂಟೈರರನ್ನು ಒತ್ತಾಯಪಡಿಸಿದಳು. ಮ್ಯಾಕ್‌ಇಂಟೈರರು ಕಿವಿ ಮೂಗು ಗಂಟಲಿನ ವೈದ್ಯರು. ಅಧ್ಯಕ್ಷರ ಮೂಗಿನ ಸೋರಿಕೆಯನ್ನು ನೋಡಿಕೊಳ್ಳಲು ತಕ್ಕವರೆಂದು ಆರಿಸಿದ್ದು. ಮಾರ್ಚ್ ಕೊನೆಯಲ್ಲಿ ಬೆಥೆಸ್ಡಾದ ನೌಕಾದಳದ ಆಸ್ಪತ್ರೆಯಲ್ಲಿ ರೂಸ್‌ವೆಲ್ಟರನ್ನು ಹೃದ್ರೋಗತಜ್ಞರಾದ ಹೊವರ್ಡ್ ಬ್ರೂಯೆನ್ನರ ಮುಂದೆ ಮಲಗಿಸಿದರು. ಬ್ರೂಯೆನ್ನರಿಗೆ ಆಗ ನಲವತ್ತು ತುಂಬಿರಲಿಲ್ಲ. ಅವರು ಕಂಡದ್ದು ಇದು: ರಕ್ತದ ಒತ್ತಡ 186ಕ್ಕೆ 108, ಹೃದಯ ಹಿಗ್ಗಿದೆ, ಅದರ ಎಡಭಾಗ ಸೋಲತೊಡಗಿದೆ, ಪುಪ್ಪುಸದಲ್ಲಿ ನೀರಿನ ಸದ್ದು. ಹಳೆಯ ಕಾಗದಗಳನ್ನು ತಿರುವಿ ನೋಡಿದರೆ 1941ರ ಫೆಬ್ರವರಿಯಲ್ಲಿಯೇ ಒತ್ತಡ 188ಕ್ಕೆ 105 ಇತ್ತು! ಮೂರು ವರ್ಷ ಅದಕ್ಕೆ ಯಾರೂ ಏನೂ ಮಾಡಿರಲಿಲ್ಲ. ಮಾಡಲು ಆಗ ಹೆಚ್ಚೇನೂ ಇರಲಿಲ್ಲವೆಂಬುದೂ ನಿಜವೇ. ಇಂದು ಮೂಲೆಯ ಔಷಧದಂಗಡಿಯಲ್ಲಿ ಸಿಗುವ ರಕ್ತದೊತ್ತಡದ ಮಾತ್ರೆಗಳಲ್ಲಿ ಒಂದೂ ಆಗ ಲೋಕದಲ್ಲಿರಲಿಲ್ಲ.

ಬ್ರೂಯೆನ್ನರು ಡಿಜಿಟಾಲಿಸ್ ಕೊಡಬೇಕು, ಉಪ್ಪು ಕಡಮೆ ಮಾಡಬೇಕು, ಸಿಗರೇಟು ಬಿಡಿಸಬೇಕು, ವಿಶ್ರಾಂತಿ ಬೇಕು ಎಂದರು. ಹಿರಿಯ ವೈದ್ಯರ ಸಭೆ ಸೇರಿತು; ಕಿರಿಯನ ಮಾತಿಗೆ ಮೊದಲು ಬೆಲೆ ಬರಲಿಲ್ಲ. ಡಿಜಿಟಾಲಿಸ್ ಕೊಡದಿದ್ದರೆ ಈ ರೋಗಿಯ ಹೊಣೆ ತಮಗೆ ಬೇಡವೆಂದು ಅವರು ಹಟ ಹಿಡಿದ ಮೇಲೆ ಒಪ್ಪಿದರು. ಔಷಧ ಕೆಲಸಮಾಡಿತು. ದಕ್ಷಿಣ ಕೆರೋಲಿನಾದ ಒಬ್ಬ ಮಿತ್ರರ ಎಸ್ಟೇಟಿನಲ್ಲಿ ಅಧ್ಯಕ್ಷರು ಒಂದು ತಿಂಗಳು ವಿಶ್ರಾಂತಿ ಪಡೆದರು. ಜಗತ್ತಿನ ಮಹಾಯುದ್ಧ ನಡೆಯುತ್ತಿರುವಾಗ, ಯೂರೋಪಿನ ಮೇಲಿನ ದಂಡಯಾತ್ರೆಗೆ ಎರಡೇ ತಿಂಗಳಿರುವಾಗ, ಒಂದು ತಿಂಗಳು! ಆ ಹೊತ್ತಿಗೆ ಜನಕ್ಕೆ ತಿಳಿಸಿದ್ದೇನು? ಏಪ್ರಿಲ್ ಮೊದಲ ವಾರದಲ್ಲಿ ಮ್ಯಾಕ್‌ಇಂಟೈರರು ಪತ್ರಿಕೆಯವರನ್ನು ಕರೆದು, ಸ್ವಲ್ಪ ಎದೆಯ ನೆಗಡಿ ಉಳಿದಿದೆ, 62 ವರ್ಷದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಆರೋಗ್ಯ ಬೇಕೇ ಎಂಬಂತೆ ಮಾತಾಡಿ ಕಳುಹಿಸಿದರು. ಹೃದಯ ಎಂಬ ಶಬ್ದ ಬರಲಿಲ್ಲ.

ರೋಗಿಗೆ ಹೇಳಿದ್ದೇನು ಎಂಬುದು ಇನ್ನೂ ಸ್ವಾರಸ್ಯವಾದ ಪ್ರಶ್ನೆ. ತಾವು ಕಂಡದ್ದನ್ನು ಅಧ್ಯಕ್ಷರಿಗಾಗಲಿ ಮನೆಯವರಿಗಾಗಲಿ ತಿಳಿಸಕೂಡದೆಂದು ಬ್ರೂಯೆನ್ನರಿಗೆ ಅಪ್ಪಣೆಯಾಗಿತ್ತು. ಮುಂದೆ ಒಂದು ವರ್ಷ ಅವರು ಹೆಚ್ಚುಕಡಮೆ ದಿನವೂ ರೂಸ್‌ವೆಲ್ಟರ ನಾಡಿ ಹಿಡಿದರು. ನನಗೇನಾಗಿದೆ, ಈ ಹೊಸ ವೈದ್ಯ ಏಕೆ ಬರುತ್ತಾನೆ, ಈ ಮಾತ್ರೆ ಯಾವುದು ಎಂದು ಅವರು ಒಂದು ಸಲವಾದರೂ ಕೇಳಲಿಲ್ಲವಂತೆ. ನಮ್ಮ ಮನೆಗಳಲ್ಲಿಯೂ ಹಿರಿಯರ ಕಾಯಿಲೆಯನ್ನು ಅವರಿಗೆ ಹೇಳದೆ ಮುಚ್ಚಿಡುವ ವಾಡಿಕೆಯಿದೆ. ಹಿರಿಯರೂ ಎಲ್ಲವನ್ನೂ ಊಹಿಸಿಕೊಂಡು ಏನೂ ತಿಳಿಯದವರಂತೆ ಇರುತ್ತಾರೆ. ಮನೆಯೊಳಗೆ ಇದು ಪರಸ್ಪರ ಕರುಣೆ. ಶ್ವೇತಭವನವೂ ಒಂದು ಮನೆಯೇ ಸರಿ. ಆದರೆ ಅಲ್ಲಿಯ ಹಿರಿಯ ಆ ವರ್ಷ ಮತ ಬೇಡಲು ಹೊರಟಿದ್ದ.

ಜುಲೈ ತಿಂಗಳ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮಾರ್ಚಿಯ ಪರೀಕ್ಷೆಯ ಸಂದರ್ಭದಲ್ಲಿ ಸಲಹೆ ಕೊಟ್ಟ ಹಿರಿಯರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಫ್ರಾಂಕ್ ಲೇಹಿ ಒಬ್ಬರು. ಜುಲೈ 10ರಂದು ಅವರು ತಮ್ಮ ರಕ್ಷಣೆಗೆಂದು ಒಂದು ಟಿಪ್ಪಣಿ ಬರೆದಿಟ್ಟರು: ರೂಸ್‌ವೆಲ್ಟರು ಮತ್ತೆ ಆರಿಸಿಬಂದರೆ ಅವಧಿಯನ್ನು ಪೂರೈಸುವ ದೇಹಶಕ್ತಿ ಅವರಿಗಿಲ್ಲವೆಂದು ನಾನು ನಂಬಿದ್ದೇನೆ, ನಿಲ್ಲುವುದೇ ಆದರೆ ಉಪಾಧ್ಯಕ್ಷ ಯಾರೆಂಬುದರಲ್ಲಿ ಅವರ ಹೊಣೆ ಬಹು ಗುರುತರವಾದದ್ದು, ಮ್ಯಾಕ್‌ಇಂಟೈರರೂ ಇದನ್ನು ಒಪ್ಪುತ್ತಾರೆ, ಅಧ್ಯಕ್ಷರಿಗೆ ತಿಳಿಸಿಯೂ ಇದ್ದಾರಂತೆ—ಇದು ಅದರ ಸಾರ. ಆ ಕಾಗದ ಅರವತ್ತು ವರ್ಷಗಳಿಗೂ ಮೀರಿ ಲೋಕದ ಕಣ್ಣಿಗೆ ಬೀಳಲಿಲ್ಲ. ಮರುದಿನ, ಜುಲೈ 11ರಂದು, ರೂಸ್‌ವೆಲ್ಟರು ತಾವು ನಾಲ್ಕನೆಯ ಸಲ ನಿಲ್ಲಲು ಸಿದ್ಧವೆಂದು ಪ್ರಕಟಿಸಿದರು. ಅಂದೇ ರಾತ್ರಿ ಪಕ್ಷದ ಮುಖಂಡರು ಅವರ ಮನೆಯಲ್ಲಿ ಊಟಕ್ಕೆ ಸೇರಿ ಉಪಾಧ್ಯಕ್ಷ ಹೆನ್ರಿ ವಾಲೇಸರನ್ನು ಕೈಬಿಟ್ಟು ಮಿಸ್ಸೂರಿಯ ಸೆನೆಟರ್ ಹ್ಯಾರಿ ಟ್ರೂಮನ್ನರ ಹೆಸರನ್ನು ಮುಂದಕ್ಕೆ ತಂದರು. ಊಟಕ್ಕೆ ಕುಳಿತವರು ಮುದುಕರಾಗುತ್ತಿರುವ ಅಧ್ಯಕ್ಷರ ಮುಖ ನೋಡಿಯೇ ಅರ್ಥಮಾಡಿಕೊಂಡಿದ್ದರು: ತಾವು ಆರಿಸುತ್ತಿರುವುದು ಉಪಾಧ್ಯಕ್ಷನನ್ನಲ್ಲ. ಒಂದು ದೇಶದ ಮುಂದಿನ ಅಧ್ಯಕ್ಷ ಯಾರೆಂಬುದು ಒಂದು ಊಟದ ಮೇಜಿನ ಸುತ್ತ ಗೊತ್ತಾಯಿತು. ಮತದಾರರಿಗೆ ಮಾತ್ರ ಈ ಚುನಾವಣೆ ಅಂಥದೆಂದು ಗೊತ್ತಿರಲಿಲ್ಲ. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಅಸಮಾಧಾನ ತರುವ ಸಂಗತಿ ಇದೇ. ಮುಚ್ಚಿಟ್ಟದ್ದಕ್ಕಿಂತಲೂ, ಕೆಲವರಿಗೆ ತಿಳಿದದ್ದು ಹಲವರಿಗೆ ತಿಳಿಯದೆ ಹೋಯಿತಲ್ಲ, ಅದು.

ಆ ಮೇಲಿನದು ಪ್ರಚಾರ. ಜುಲೈ 20ರಂದು ಶಿಕಾಗೋದಲ್ಲಿ ಪಕ್ಷದ ಸಮಾವೇಶ ಅವರ ಹೆಸರನ್ನು ಒಪ್ಪಿದ ದಿವಸವೇ ಸಾನ್ ಡಿಯಾಗೋದಲ್ಲಿ ನಿಂತಿದ್ದ ತಮ್ಮ ರೈಲುಗಾಡಿಯೊಳಗೆ ಅವರಿಗೆ ತಾಳಲಾರದ ನೋವು ಬಂತು. ಜೊತೆಯಲ್ಲಿದ್ದ ಮಗ ಜೇಮ್ಸ್ ಅವರನ್ನು ಗಾಡಿಯ ನೆಲದ ಮೇಲೆ ಮಲಗಿಸಿದ. ಹತ್ತು ನಿಮಿಷ ಕಣ್ಣುಮುಚ್ಚಿ ಮಲಗಿದ್ದು, ಎದ್ದು, ಸೈನಿಕರ ಕವಾಯತು ನೋಡಲು ಹೋದರು. ರಾತ್ರಿ ಅದೇ ಗಾಡಿಯಿಂದ ರೇಡಿಯೋದಲ್ಲಿ ಮಾತನಾಡಿ ಪಕ್ಷದ ಆಮಂತ್ರಣವನ್ನು ಸ್ವೀಕರಿಸಿದರು. ಆ ಭಾಷಣದ ಸಂದರ್ಭದಲ್ಲಿ ತೆಗೆದ ಒಂದು ಚಿತ್ರದಲ್ಲಿ ಬಾಯಿ ತೆರೆದು, ಕೆನ್ನೆ ಬತ್ತಿ, ಕಣ್ಣು ಗುಳಿಬಿದ್ದು ಕಾಣಿಸಿಕೊಂಡರು. ಪತ್ರಿಕೆಗಳಲ್ಲಿ ಅದು ಅಚ್ಚಾದಾಗ ಜನ ಬೆಚ್ಚಿದರು. ವೈದ್ಯರು ಹೇಳದಿದ್ದುದನ್ನು ಒಂದು ಕ್ಯಾಮರಾ ಬಾಯಿತಪ್ಪಿ ಆಡಿದ ಹಾಗಾಯಿತು.

ಆಗಸ್ಟ್ 12ರಂದು ಬ್ರೆಮರ್ಟನ್ನಿನ ಹಡಗುಕಟ್ಟೆಯಲ್ಲಿ, ಹಡಗಿನ ಅಟ್ಟದ ಮೇಲೆ ಗಾಳಿಯಲ್ಲಿ ನಿಂತು ಭಾಷಣಮಾಡುತ್ತಿದ್ದಾಗ ಎದೆಯಲ್ಲಿ ನೋವು ಎದ್ದು ಹೆಗಲಿಗೆ ಹರಡಿತು. ತೂಕ ಇಳಿದು ಕಾಲಿನ ಉಕ್ಕಿನ ಪಟ್ಟಿಗಳು ಸಡಿಲವಾಗಿ, ನಿಲ್ಲುವುದೇ ಒಂದು ಶಿಕ್ಷೆಯಾಗಿತ್ತು. ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡು ಮಾತು ಮುಗಿಸಿದರು. ಕೇಳುತ್ತಿದ್ದ ಸಾವಿರಾರು ಜನಕ್ಕೆ ಮಾತು ಸಪ್ಪೆಯಾಗಿದೆ ಎನ್ನಿಸಿತೇ ಹೊರತು ಕಾರಣ ತಿಳಿಯಲಿಲ್ಲ. ವದಂತಿಗಳು ಹಬ್ಬಿದುವು. ಹೃದ್ರೋಗದ ಸುದ್ದಿ ಯಾವ ವೈದ್ಯರ ಬಾಯಿಂದ ಹೊರಬಿತ್ತೆಂದು ಹುಡುಕಲು ಎಫ್.ಬಿ.ಐ. ಗುಪ್ತಚಾರರು ಓಡಾಡಿದರು. ಪ್ರತಿಪಕ್ಷದ ಉಮೇದುವಾರ ಥಾಮಸ್ ಡ್ಯೂಯಿ 42 ವರ್ಷದ ಯುವಕ. ಆಡಳಿತ ದಣಿದ ಮುದುಕರ ಕೈಯಲ್ಲಿದೆ ಎಂದು ಬೀಸುಮಾತು ಆಡಿದನೇ ಹೊರತು, ಇವರ ಎದೆಯ ಗತಿಯೇನು ಎಂದು ನೇರವಾಗಿ ಕೇಳಲಿಲ್ಲ. ಯುದ್ಧಕಾಲದ ದಂಡನಾಯಕನನ್ನು ರೋಗಿಷ್ಠನೆಂದರೆ ಜನರ ಕನಿಕರ ಆ ಕಡೆಗೇ ತಿರುಗೀತೆಂಬ ಭಯ ಅವನಿಗೆ ಇದ್ದಿರಬೇಕು.

ವದಂತಿಗೆ ರೂಸ್‌ವೆಲ್ಟರು ಕೊಟ್ಟ ಉತ್ತರ ವೈದ್ಯರ ಪತ್ರವಲ್ಲ, ಮಳೆ. ಅಕ್ಟೋಬರ್ 21ರಂದು ನ್ಯೂಯಾರ್ಕಿನಲ್ಲಿ ಕೊರೆಯುವ ಮಳೆ ಸುರಿಯುತ್ತಿತ್ತು. ತೆರೆದ ಮೋಟಾರಿನಲ್ಲಿ, ಟೋಪಿ ತೋಯಿಸಿಕೊಂಡು, ನಗುತ್ತ ಕೈಬೀಸುತ್ತ ಗಂಟೆಗಟ್ಟಲೆ, ಐವತ್ತು ಮೈಲಿಯಷ್ಟು ಬೀದಿ ಸುತ್ತಿದರು. ಬ್ರೂಕ್ಲಿನ್ನಿನ ಎಬೆಟ್ಸ್ ಆಟದ ಬಯಲಿನಲ್ಲಿ ಮಳೆಯಲ್ಲಿಯೇ ನಿಂತು ಮಾತಾಡಿದರು. ನಡುನಡುವೆ ಒಂದು ಕಡೆ ನಿಲ್ಲಿಸಿ ಒದ್ದೆ ಬಟ್ಟೆ ಬದಲಾಯಿಸಿದರೆಂಬುದು ದಾರಿಬದಿಯ ಲಕ್ಷಾಂತರ ಜನಕ್ಕೆ ಕಾಣಲಿಲ್ಲ. ಇಷ್ಟು ಗಟ್ಟಿಮುಟ್ಟಾದ ಮನುಷ್ಯನಿಗೆ ರೋಗವೇ ಎಂದುಕೊಂಡರು. ಈ ಪ್ರದರ್ಶನದಲ್ಲಿ ವಂಚನೆಯಿದೆಯೆಂದು ಅನ್ನುವಾಗಲೇ, ಅದರೊಳಗಿನ ಧೈರ್ಯಕ್ಕೆ ನಾನು ತಲೆಬಾಗದೆಯೂ ಇರಲಾರೆ. ಎರಡೂ ಒಂದೇ ಮನುಷ್ಯನಲ್ಲಿ ಇರಬಲ್ಲವು.

ನವೆಂಬರ್ 7ರಂದು ಅವರು 432 ಚುನಾಯಕ ಮತಗಳಿಂದ ಗೆದ್ದರು. ಡ್ಯೂಯಿಗೆ ಬಂದದ್ದು 99. ಅದೇ ತಿಂಗಳ 27ರಂದು ಬ್ರೂಯೆನ್ನರು ಬರೆದುಕೊಂಡ ರಕ್ತದ ಒತ್ತಡ 260ಕ್ಕೆ 150.

ಮುಂದಿನದನ್ನು ಬೇಗ ಹೇಳಬಹುದು. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಸ್ಟಾಲಿನ್ ಮತ್ತು ಚರ್ಚಿಲ್ಲರ ಜೊತೆ ಲೋಕದ ಪಾಲುಪಟ್ಟಿ ನಡೆಯಿತು. ಚರ್ಚಿಲ್ಲರ ವೈದ್ಯ ಲಾರ್ಡ್ ಮೊರಾನ್ ರೂಸ್‌ವೆಲ್ಟರನ್ನು ದೂರದಿಂದ ನೋಡಿದವರೇ, ಇವರಿಗಿರುವುದು ಕೆಲವು ತಿಂಗಳು ಮಾತ್ರ ಎಂದು ದಿನಚರಿಯಲ್ಲಿ ಬರೆದರು. ಪೋಲೆಂಡಿನ ಬಿಸಿಬಿಸಿ ಚರ್ಚೆಯಾದ ಒಂದು ಸಂಜೆ ಬ್ರೂಯೆನ್ನರಿಗೆ ಅವರ ನಾಡಿಯಲ್ಲಿ ಒಂದು ಬಡಿತ ಬಲವಾಗಿ, ಮುಂದಿನದು ಕ್ಷೀಣವಾಗಿ ಸಿಕ್ಕಿತು. ಸೋಲುವ ಹೃದಯದ ಲಕ್ಷಣ. ರೋಗಿಷ್ಠನಾದ ರೂಸ್‌ವೆಲ್ಟ್ ಅಲ್ಲಿ ಪೋಲೆಂಡನ್ನು ಬಿಟ್ಟುಕೊಟ್ಟನೆಂದು ಹಲವರು ಬರೆದಿದ್ದಾರೆ. ಆ ಹೊತ್ತಿಗೆ ಸ್ಟಾಲಿನ್ನನ ಸೈನ್ಯ ಪೋಲೆಂಡಿನಲ್ಲಿಯೇ ಕುಳಿತಿತ್ತು. ಎಷ್ಟೇ ಗಟ್ಟಿಯಾದ ಹೃದಯವಿದ್ದರೂ ಅದನ್ನು ಎಬ್ಬಿಸುವುದು ಕಷ್ಟವಿತ್ತು. ಆದಕಾರಣ ನಾನು ಆ ಆರೋಪವನ್ನು ಒಪ್ಪುವುದಿಲ್ಲ. ನಿಜವಾದ ನಷ್ಟ ಬೇರೆ ಕಡೆ ಇತ್ತು. ಮಾರ್ಚ್ 1ರಂದು ಅವರು ಕಾಂಗ್ರೆಸ್ಸಿನ ಮುಂದೆ ಮೊಟ್ಟಮೊದಲ ಸಲ ಕುಳಿತು ಮಾತನಾಡಿದರು. ಕಾಲಿಗೆ ಕಟ್ಟಿದ ಹತ್ತು ಪೌಂಡು ಉಕ್ಕಿನ ಮಾತೆತ್ತಿ ಕ್ಷಮೆ ಕೇಳಿದರು. ಅಷ್ಟು ವರ್ಷ ಮರೆಯಲ್ಲಿಟ್ಟ ಕಾಲನ್ನು ಈಗ ತಾವೇ ಬಯಲಿಗೆ ತಂದು ತೋರಿಸಿದರು. ಎದೆಯ ಮಾತು ಆಗಲೂ ಬರಲಿಲ್ಲ. ಏಪ್ರಿಲ್ 12ರ ಮಧ್ಯಾಹ್ನ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ, ಒಬ್ಬ ಚಿತ್ರಗಾರ್ತಿ ಅವರ ಚಿತ್ರ ಬರೆಯುತ್ತಿದ್ದಾಗ, ತಲೆಯ ಹಿಂಭಾಗದಲ್ಲಿ ವಿಪರೀತ ನೋವೆಂದು ಹೇಳಿ ಒರಗಿದರು. ಮೆದುಳಿನಲ್ಲಿ ರಕ್ತಸ್ರಾವ. ಮೂರು ಗಂಟೆ ಮೂವತ್ತೈದು ನಿಮಿಷಕ್ಕೆ ತೀರಿಕೊಂಡರು.

ಟ್ರೂಮನ್ ಉಪಾಧ್ಯಕ್ಷರಾಗಿ ಆಗ 82 ದಿನಗಳು. ಮಂತ್ರಿಮಂಡಲದ ಸಭೆಗಳನ್ನು ಬಿಟ್ಟರೆ ಅಧ್ಯಕ್ಷರನ್ನು ಅವರು ಕಂಡದ್ದು ಬೆರಳೆಣಿಕೆಯ ಸಲ. ಪ್ರಮಾಣವಚನವಾದ ಸಂಜೆ ಯುದ್ಧಮಂತ್ರಿ ಸ್ಟಿಮ್ಸನ್ ಅವರನ್ನು ಪಕ್ಕಕ್ಕೆ ಕರೆದು, ಊಹೆಗೆ ಮೀರಿದ ಶಕ್ತಿಯ ಒಂದು ಸ್ಫೋಟಕ ತಯಾರಾಗುತ್ತಿದೆಯೆಂದು ಸೂಚಿಸಿದರು. ಪೂರ್ತಿ ವಿವರ ಸಿಕ್ಕಿದ್ದು ಹದಿಮೂರು ದಿನಗಳ ಮೇಲೆ. ಹಿರೋಷಿಮಾದ ಮೇಲೆ ಅಣುಬಾಂಬು ಹಾಕುವ ತೀರ್ಮಾನಕ್ಕೆ ರುಜು ಹಾಕಬೇಕಾದವರಿಗೆ, ಅಂಥದೊಂದು ಬಾಂಬು ಇದೆಯೆಂದು ತಿಳಿಯಲು ಅಧ್ಯಕ್ಷರು ಸಾಯಬೇಕಾಯಿತು. ಅವಧಿ ಪೂರೈಸಲಾರೆನೆಂದು ರೂಸ್‌ವೆಲ್ಟರಿಗೆ ತಿಳಿದಿದ್ದರೆ ಉತ್ತರಾಧಿಕಾರಿಯನ್ನು ಹೀಗೆ ಕತ್ತಲೆಯಲ್ಲಿಟ್ಟದ್ದು ಅಕ್ಷಮ್ಯ. ತಿಳಿದಿರಲಿಲ್ಲವಾದರೆ, ತಿಳಿಸದಿದ್ದವರು ಮಾಡಿದ್ದು ಅಕ್ಷಮ್ಯ.

ಇಷ್ಟು ಹೇಳಿದ ಮೇಲೆ, ವಯಸ್ಸಾದವರು ಅಧಿಕಾರಕ್ಕೆ ಬರಬಾರದೆಂದು ನಾನು ವಾದಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ರೂಸ್‌ವೆಲ್ಟರು ತೀರಿಕೊಂಡದ್ದು ಅರವತ್ತಮೂರಕ್ಕೆ. ಜರ್ಮನಿಯ ಅಡೆನಾವರ್ 73ರಲ್ಲಿ ಪ್ರಧಾನಿಯಾಗಿ 87ರವರೆಗೆ ಆಳಿದರು. ನಮ್ಮ ಮೊರಾರ್ಜಿ ದೇಸಾಯಿ 1977ರಲ್ಲಿ 81ನೆಯ ವಯಸ್ಸಿನಲ್ಲಿ ಪ್ರಧಾನಿಯಾದರು, ತೊಂಬತ್ತೊಂಬತ್ತರವರೆಗೆ ಬದುಕಿದರು. ಹುಟ್ಟಿದ್ದು ಫೆಬ್ರವರಿ 29 ಆದ್ದರಿಂದ ಅವರ ಲೆಕ್ಕವೇ ಬೇರೆ ಎಂದು ನಗುವವರೂ ಇದ್ದರು. ಅವರಿಗಿಂತ ಎಷ್ಟೋ ಕಿರಿಯರಾದ ಲಾಲ್ ಬಹದ್ದೂರ್ ಶಾಸ್ತ್ರಿಗಳ ಹೃದಯ 61ರಲ್ಲಿ ತಾಷ್ಕೆಂಟಿನಲ್ಲಿ ನಿಂತುಹೋಯಿತು. ಪಂಚಾಂಗ ನೋಡಿ ಮನುಷ್ಯನ ಶಕ್ತಿಯನ್ನು ಹೇಳಲಾಗದು. ನಾಡಿ ನೋಡಿ ಹೇಳಬಹುದು. ಆದರೆ ನೋಡಿದವರು ಹೇಳಬೇಕಲ್ಲ!

ಕಾನೂನು ಇಲ್ಲಿ ಹೆಚ್ಚು ನೆರವಾಗಿಲ್ಲ. 1967ರಲ್ಲಿ ಜಾರಿಗೆ ಬಂದ ಅಮೆರಿಕದ ಇಪ್ಪತ್ತೈದನೆಯ ತಿದ್ದುಪಡಿ, ಅಧ್ಯಕ್ಷ ಅಶಕ್ತನಾದರೆ ಅಧಿಕಾರ ಯಾರಿಗೆ ಹೋಗತಕ್ಕದ್ದೆಂದು ವಿಧಿಸಿತು. ಉಮೇದುವಾರನ ವಿಷಯದಲ್ಲಿ ಅದು ಮೌನ. ನಮ್ಮ ಸಂವಿಧಾನ ರಾಷ್ಟ್ರಪತಿಗೆ ಕನಿಷ್ಠ 35 ವರ್ಷವಾಗಿರಬೇಕೆನ್ನುತ್ತದೆ; ಗರಿಷ್ಠದ ಮಾತಿಲ್ಲ, ಆರೋಗ್ಯದ ಮಾತೂ ಇಲ್ಲ. ನಾನು ಅಧ್ಯಾಪಕನಾಗಿ ಕೆಲಸಕ್ಕೆ ಸೇರುವಾಗ ಎತ್ತರ, ಎದೆಯ ಸುತ್ತಳತೆ, ಕಣ್ಣಿನ ದೃಷ್ಟಿ ಎಲ್ಲವನ್ನೂ ಅಳೆಸಿಕೊಂಡು ವೈದ್ಯರ ಪತ್ರ ತರಬೇಕಾಗಿತ್ತು. ಹಳಗನ್ನಡ ವ್ಯಾಕರಣ ಹೇಳಿಕೊಡಲು ಎಷ್ಟು ಅಂಗುಲ ಎದೆ ಬೇಕೆಂದು ಆಗಲೂ ನನಗೆ ತಿಳಿಯಲಿಲ್ಲ, ಈಗಲೂ ತಿಳಿಯದು. ಹಾಗೆಂದು ದೇಶದ ನಾಯಕರನ್ನು ಸರ್ಕಾರಿ ವೈದ್ಯರ ಅಪ್ಪಣೆಗೆ ಒಪ್ಪಿಸುವುದೂ ಅಪಾಯವೇ. ದೇವಾಪಿಯನ್ನು ಕಾಡಿಗಟ್ಟಿದವರು ಮತ್ತೆ ಹುಟ್ಟಿಬರಬಹುದು. 1931ರಲ್ಲಿ ರೂಸ್‌ವೆಲ್ಟರು ಮಾಡಿದ್ದನ್ನು 1944ರಲ್ಲಿಯೂ ಮಾಡಿದ್ದರೆ ಸಾಕಾಗಿತ್ತು: ಇದು ನನ್ನ ಸ್ಥಿತಿ, ಆದರೂ ಬೇಕಾದರೆ ಆರಿಸಿ ಎನ್ನಬಹುದಾಗಿತ್ತು. ಕಾಲಿಲ್ಲದವರನ್ನು ಮೂರು ಸಲ ಆರಿಸಿದ ಜನ, ಎದೆ ಸರಿಯಿಲ್ಲವೆಂದು ತಿಳಿದೂ ಯುದ್ಧ ಮುಗಿಯುವವರೆಗೆ ಅವರನ್ನೇ ಬಯಸುತ್ತಿದ್ದರೋ ಏನೋ. ಹಾಗೆ ಬಯಸಿದ್ದರೆ ಟ್ರೂಮನ್ ಯಾರೆಂದು ಒಂದಿಷ್ಟು ಗಮನವಿಟ್ಟು ನೋಡುತ್ತಿದ್ದರು. 2024ರಲ್ಲಿ 81 ವರ್ಷದ ಅಧ್ಯಕ್ಷ ಬೈಡನ್ನರು ಜೂನಿನ ಒಂದು ವಾದಸಭೆಯಲ್ಲಿ ತಡವರಿಸಿ, ಜುಲೈನಲ್ಲಿ ಕಣದಿಂದ ಹಿಂದೆ ಸರಿದಾಗಲೂ ಅಮೆರಿಕದ ಜನಕ್ಕೆ ದಿಗಿಲು ಹುಟ್ಟಿಸಿದ್ದು ವೈದ್ಯರ ವರದಿಯಲ್ಲ, ಪರದೆಯ ಮೇಲೆ ಕಂಡ ಮುಖ. ಸಾನ್ ಡಿಯಾಗೋದ ಚಿತ್ರಕ್ಕೆ ಎಂಬತ್ತು ವರ್ಷವಾಗಿತ್ತು.

ಮ್ಯಾಕ್‌ಇಂಟೈರರು 1946ರಲ್ಲಿ ಒಂದು ಪುಸ್ತಕ ಬರೆದು, ಅಧ್ಯಕ್ಷರ ಆರೋಗ್ಯ ಚೆನ್ನಾಗಿಯೇ ಇತ್ತೆಂದು ಮತ್ತೆ ಸಾಧಿಸಿದರು. ಬ್ರೂಯೆನ್ನರು ಇಪ್ಪತ್ತೈದು ವರ್ಷ ಬಾಯಿಬಿಡಲಿಲ್ಲ. 1970ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಟಿಪ್ಪಣಿಗಳನ್ನು, ಒತ್ತಡದ ಅಂಕಿಗಳ ಸಮೇತ, ಪ್ರಕಟಿಸಿದರು. ನಾನು ಮೇಲೆ ಬರೆದದ್ದರಲ್ಲಿ ಬಹುಭಾಗ ಲೋಕಕ್ಕೆ ತಿಳಿದದ್ದು ಆಗಲೇ. ಅವರು ಟಿಪ್ಪಣಿಗಳನ್ನು ನೆಚ್ಚಬೇಕಾಯಿತು, ಏಕೆಂದರೆ ಬೆಥೆಸ್ಡಾದ ಆಸ್ಪತ್ರೆಯ ತಿಜೋರಿಯಲ್ಲಿ ಇಟ್ಟಿದ್ದ ರೂಸ್‌ವೆಲ್ಟರ ಕಡತ ಅವರು ಸತ್ತ ಮೇಲೆ ಅಲ್ಲಿರಲಿಲ್ಲ. ಅದು ಇಂದಿಗೂ ಸಿಕ್ಕಿಲ್ಲ.